ಮಲೆನಾಡಿನ ಮನೆಯ ಹಳೆಯ ಜೀಪು

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರಗಳ ಮಾರ್ಗವಾಗಿ ಪಶ್ಚಿಮಕ್ಕೆ ಎಂಬತ್ತು ಕಿಲೋಮೀಟರುಗಳಿಗೂ ಮಿಕ್ಕು ಸಾಗಿದರೆ ನಗರವೆಂಬ ಊರು ಸಿಗುತ್ತದೆ. ಹೆಸರು ನಗರವಾದರೂ ಈಗ ಅದೊಂದು ಹಳ್ಳಿ. ಕೆಳದಿ ಅರಸರ ರಾಜಧಾನಿಯಾಗಿ ಬಿದನೂರೆಂದು ಮೆರೆದ ಈ ಸ್ಥಳವನ್ನು 1763ರಲ್ಲಿ ಹೈದರಾಲಿಯು ಗೆದ್ದು ಹೈದರನಗರವೆಂದು ಕರೆದನು. ಕಾಲಕ್ರಮದಲ್ಲಿ ಹೈದರನ ಹೆಸರು ಕಳಚಿ ಬರಿಯ ನಗರವುಳಿಯಿತು. ರಸ್ತೆಯ ಮಗ್ಗುಲಲ್ಲಿಯೇ ಕೋಟೆಯಿದೆ. ಅಲ್ಲಿಂದ ಅನತಿದೂರದಲ್ಲಿ, ಮಳೆಯಲ್ಲಿ ಆಗುಂಬೆಗೆ ಸರಿಮಿಗಿಲೆನಿಸುವ ಹುಲಿಕಲ್ಲಿನ ಘಟ್ಟ. ಜೂನ್ ತಿಂಗಳಲ್ಲಿ ಹಿಡಿದ ಮಳೆಯು ಸೆಪ್ಟೆಂಬರಿನವರೆಗೂ ಈ ಸೀಮೆಯನ್ನು ಬಿಟ್ಟು ಹೋಗುವುದಿಲ್ಲ.

ಈ ಸೀಮೆಯಲ್ಲಿಯೇ ನಮ್ಮ ಅಣ್ಣನವರ ಮನೆಯುಂಟು. ಡಾಂಬರು ರಸ್ತೆಯನ್ನು ಬಿಟ್ಟ ಮೇಲೆ ಮೂರು ಕಿಲೋಮೀಟರು ಮಣ್ಣಿನ ಹಾದಿ. ಎರಡು ಹಳ್ಳಗಳನ್ನು ದಾಟಬೇಕು. ಅನಂತರ ಕೆಮ್ಮಣ್ಣಿನ ಒಂದು ಕಡಿದಾದ ಏರು. ಆ ಏರಿನ ತಲೆಯಲ್ಲಿ ಹೆಂಚಿನ ಮನೆ, ಅದರ ಕೆಳಗೆ ಅಡಕೆಯ ತೋಟ. ಬೇಸಗೆಯಲ್ಲಿ ಯಾವ ವಾಹನವಾದರೂ ಅಲ್ಲಿಗೆ ಹೋದೀತು. ಮಳೆಗಾಲದಲ್ಲಿ ಕಾರು ಮೊದಲ ಹಳ್ಳದಲ್ಲಿಯೇ ನಿಲ್ಲುತ್ತದೆ, ಆಟೋ ಅದಕ್ಕೂ ಮೊದಲೇ ಹಿಂದಿರುಗುತ್ತದೆ. ಸಂಕದ ಮೇಲೆ ಕಾಲ್ನಡಿಗೆಯಲ್ಲಿ ದಾಟಿದವರು ಆ ಏರನ್ನು ಬರಿಗಾಲಿನಲ್ಲಿ, ಬೆರಳೂರಿ ಹತ್ತಬೇಕು.

ಅಣ್ಣನವರು 1988ರಲ್ಲಿ ಒಂದು ಮಹೀಂದ್ರ ಎಂ.ಎಂ. 540 ಜೀಪನ್ನು ಕೊಂಡರು. ಆ ವರ್ಷದ ಅಡಕೆಯ ಹಣವೆಲ್ಲ ಅದಕ್ಕೇ ಹೋಯಿತೆಂದು ಮನೆಯಲ್ಲಿ ಗೊಣಗಾಟವಾದದ್ದು ನಮಗೆ ನೆನಪಿದೆ. ಆದರೆ ಆ ಜೀಪು ಮೂವತ್ತು ವರ್ಷ ಆ ಮನೆಯನ್ನು ಹೊತ್ತಿತು. ಅಡಕೆಯ ಚೀಲಗಳನ್ನು ಮಂಡಿಗೆ ಮುಟ್ಟಿಸಿದ್ದು, ಮಕ್ಕಳನ್ನು ಶಾಲೆಗೆ ಕರೆದೊಯ್ದದ್ದು, ಮದುವೆಯ ದಿಬ್ಬಣವನ್ನು ಹತ್ತಿಸಿದ್ದು, ಸುತ್ತಿನ ನಾಲ್ಕು ಮನೆಗಳ ಹೆರಿಗೆಗಳಿಗೆ ನಡುರಾತ್ರಿಯಲ್ಲಿ ಹೊರಟದ್ದು ಎಲ್ಲವೂ ಅದೇ. ನಾವು ಮಠದ ಪಾಠಶಾಲೆಯಲ್ಲಿ ಓದಿ, ಮುಂದೆ ಶಿವಮೊಗ್ಗದಲ್ಲಿ ಅಧ್ಯಾಪಕರಾಗಿ ನೆಲೆಸಿದ ಮೇಲೆ, ಊರಿಗೆ ಹೋದಾಗಲೆಲ್ಲ ಡಾಂಬರು ರಸ್ತೆಯ ತಿರುವಿನಲ್ಲಿ ಆ ಜೀಪು ನಮ್ಮನ್ನು ಕಾದು ನಿಂತಿರುತ್ತಿತ್ತು.

ಜೀಪಿನ ವಂಶಾವಳಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅಪ್ರಸ್ತುತವಾಗಲಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿಯು ತಯಾರಿಸಿದ ಪುಟ್ಟ ವಾಹನವೇ ಇದರ ಮೂಲಪುರುಷ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯು 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಬರಬರುತ್ತ ಇಲ್ಲಿಯೇ ತಯಾರಿಸಿತು. ಎಂ.ಎಂ. 540 ಆ ವಂಶದ ಕುಡಿ. ಇದರಲ್ಲಿರುವುದು ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ 2112 ಸಿ.ಸಿ. ಡೀಸೆಲ್ ಎಂಜಿನ್ನು. ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿರುತ್ತವೆ. ಒಂದನ್ನು ತಳ್ಳಿದರೆ ಎಂಜಿನ್ನಿನ ಬಲವು ಹಿಂದಿನ ಗಾಲಿಗಳಿಗಷ್ಟೇ ಅಲ್ಲದೆ ಮುಂದಿನ ಗಾಲಿಗಳಿಗೂ ಹರಿಯುತ್ತದೆ. ಇನ್ನೊಂದರಿಂದ ವೇಗವು ಅರ್ಧಕ್ಕಿಂತಲೂ ಕೆಳಗಿಳಿದು, ಎಳೆಯುವ ಶಕ್ತಿ ಅದೇ ಪ್ರಮಾಣದಲ್ಲಿ ಏರುತ್ತದೆ. ಹಿಂದಿನ ಎರಡು ಗಾಲಿಗಳು ಕೆಸರಿನಲ್ಲಿ ಸುಮ್ಮನೆ ಸುತ್ತುವಾಗ ಮುಂದಿನವು ನೆಲವನ್ನು ಕಚ್ಚಿ ಎಳೆಯುತ್ತವೆ. ಆದರೆ ಒಣಗಿದ ಡಾಂಬರು ರಸ್ತೆಯಲ್ಲಿ ಇದನ್ನು ಬಳಸಕೂಡದು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಕ್ರಮಿಸುವ ದೂರ ಬೇರೆಬೇರೆಯಾದ್ದರಿಂದ, ಜಾರಲು ಎಡೆಯಿಲ್ಲದ ನೆಲದಲ್ಲಿ ಹಲ್ಲುಚಕ್ರಗಳು ಬಿಗಿದುಕೊಂಡು ಮುರಿದಾವು.

ಅಣ್ಣನವರು 2019ರಲ್ಲಿ ಶಿವೈಕ್ಯರಾದರು. ಅವರ ಮಗನಿಗೆ ಬೈಕಿನ ಓಡಾಟವೇ ಸಾಕೆನಿಸಿತು. ಜೀಪು ಕೊಟ್ಟಿಗೆಯ ಮೂಲೆ ಸೇರಿತು. ಅದರ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು, ಹುಡ್ಡಿನ ಬಟ್ಟೆಯನ್ನು ಇಲಿ ಕಡಿಯಿತು. ಹೀಗೆ ಮೂರು ಮಳೆಗಾಲಗಳು ಕಳೆದವು. 2022ರ ಜುಲೈ ತಿಂಗಳ ಒಂದು ರಾತ್ರಿ, ಎಪ್ಪತ್ತೈದು ದಾಟಿದ ನಮ್ಮ ಅತ್ತಿಗೆಯವರಿಗೆ ಉಸಿರಾಟದ ತೊಂದರೆಯಾಯಿತು. ಹಳ್ಳ ತುಂಬಿ ಹರಿಯುತ್ತಿತ್ತು. ಕಂಬಳಿಯನ್ನು ಬಿದಿರಿಗೆ ಕಟ್ಟಿ ಜೋಲಿ ಮಾಡಿ, ನಾಲ್ವರು ಹೊತ್ತು, ಮೂರು ಕಿಲೋಮೀಟರನ್ನು ಎರಡು ಗಂಟೆಗಳಲ್ಲಿ ದಾಟಿಸಿದರು. ಶಿವನ ದಯದಿಂದ ಅವರು ಚೇತರಿಸಿಕೊಂಡರು. ಆಸ್ಪತ್ರೆಯ ಮಂಚದ ಮೇಲೆ ಅವರು ನಮಗೆ ಹೇಳಿದ ಮೊದಲ ಮಾತು ಇದು: “ತಮ್ಮಯ್ಯ, ನಿಮ್ಮಣ್ಣ ಇದ್ದಿದ್ರೆ ನನ್ನ ಹಿಂಗೆ ಹೆಣದ ಹಂಗೆ ಹೊರಿಸ್ತಿದ್ರಾ?”

ಆ ಮಾತು ನಮ್ಮನ್ನು ಬಹುವಾಗಿ ಕಾಡಿತು. ಅದೇ ತಿಂಗಳು ಗುಜರಿಯವನೊಬ್ಬನು ಬಂದು ಜೀಪಿಗೆ ನಲವತ್ತು ಸಾವಿರ ಕೊಡುವೆನೆಂದು ಹೇಳಿಹೋಗಿದ್ದನು. ಮಗನು ಕೊಡೋಣವೆಂದನು. ಹೊಸ ನಾಲ್ಕುಗಾಲಿ ಎಳೆತದ ವಾಹನವನ್ನು ಕೊಳ್ಳಬೇಕೆಂದರೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಕೊಳೆರೋಗ ಬಡಿದ ತೋಟಕ್ಕೆ ಆ ಸಾಲವನ್ನು ಹೊರುವ ಶಕ್ತಿಯಿರಲಿಲ್ಲ. ಕೊನೆಗೆ ನಾವೇ ಹೇಳಿದೆವು: “ಜೀಪನ್ನು ಶಿವಮೊಗ್ಗಕ್ಕೆ ತನ್ನಿ. ಅಲ್ಲಿ ಕೈಕೆಲಸ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಿವೃತ್ತರಾದ ನಮಗೂ ಹೊತ್ತಿದೆ. ಎದುರಿಗೆ ನಿಂತು ಮಾಡಿಸುತ್ತೇವೆ.”

2023ರ ಜನವರಿಯಲ್ಲಿ ಲಾರಿಯೊಂದರ ಮೇಲೆ ಹೇರಿಕೊಂಡು ಜೀಪು ಶಿವಮೊಗ್ಗಕ್ಕೆ ಬಂದಿತು.

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಎಂಬ ಬಡಾವಣೆಯುಂಟು. ಆ ರಸ್ತೆಯಲ್ಲಿ ಅನೇಕ ವರ್ಷ ಓಡಾಡಿದವರಾದರೂ ನಾವು ಎಂದೂ ಅದರೊಳಗೆ ಕಾಲಿಟ್ಟಿರಲಿಲ್ಲ. ಪುಸ್ತಕದ ಅಂಗಡಿ, ಗ್ರಂಥಾಲಯ, ಮಠ, ಮನೆ ಇವಿಷ್ಟೇ ನಮ್ಮ ಶಿವಮೊಗ್ಗವಾಗಿತ್ತು. ಒಳಹೊಕ್ಕು ನೋಡಿದರೆ ಅದು ಬೇರೆಯೇ ಊರು. ಒಂದು ಶೆಡ್ಡಿನಲ್ಲಿ ಲಾರಿಯ ಕಮಾನು ಪಟ್ಟಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುತ್ತಿದ್ದರು. ಮಗ್ಗುಲಲ್ಲಿ ಲೇತ್ ಯಂತ್ರ. ಅದರಾಚೆ ಡೀಸೆಲ್ ಪಂಪು, ನಾಜಲ್ಲುಗಳನ್ನಷ್ಟೇ ಸರಿಪಡಿಸುವವರು. ಮತ್ತೊಂದು ಮೂಲೆಯಲ್ಲಿ ಹಳೆಯ ಹೊಲಿಗೆಯಂತ್ರದ ಮುಂದೆ ಕುಳಿತು ಹುಡ್ಡು, ಕುಶನ್ನು ಹೊಲಿಯುವವರು. ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೈಹಾಕುವುದಿಲ್ಲ. ಎಂಜಿನ್ನಿನ ಮೇಸ್ತ್ರಿ ತಗಡನ್ನು ಮುಟ್ಟನು, ತಗಡಿನವನು ಬಣ್ಣವನ್ನು ಮುಟ್ಟನು. ಒಂದು ವಾಹನವು ಇವರೆಲ್ಲರ ಕೈಗಳನ್ನು ದಾಟಿಯೇ ಹೊರಬೀಳಬೇಕು. ಚಹಾದ ಹುಡುಗನೊಬ್ಬನೇ ಎಲ್ಲ ಶೆಡ್ಡುಗಳಿಗೂ ಸಮಾನ.

ನಮಗೆ ದೊರೆತ ಎಂಜಿನ್ನಿನ ಮೇಸ್ತ್ರಿಗಳು ಅರವತ್ತರ ಆಸುಪಾಸಿನವರು. ಹುಡುಗರೆಲ್ಲ ಅವರನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಅವರು ಬಾನೆಟ್ಟು ತೆರೆದು, ಬಹಳ ಹೊತ್ತು ಏನನ್ನೂ ಮುಟ್ಟದೆ ನೋಡುತ್ತ ನಿಂತರು. ಅನಂತರ, “ಇದು ಓಡಿ ಕೆಟ್ಟಿದ್ದಲ್ಲ ಗುರುಗಳೇ, ನಿಂತು ಕೆಟ್ಟಿದ್ದು” ಎಂದರು. ಟ್ಯಾಂಕಿನಲ್ಲಿ ಉಳಿದ ಡೀಸೆಲ್ ಕೊಳೆತು ಪಂಪನ್ನು ಕಚ್ಚಿಸಿತ್ತು. ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಲೈನರಿಗೆ ಅಂಟಿದ್ದವು. ಬಲವಂತವಾಗಿ ತಿರುಗಿಸಿದರೆ ಮುರಿದೀತೆಂದು ಅವರು ನಾಜಲ್ಲುಗಳನ್ನು ಬಿಚ್ಚಿ, ಆ ರಂಧ್ರಗಳಿಂದ ಒಳಗೆ ಎಣ್ಣೆ ಬಿಟ್ಟು, ನಾಲ್ಕು ದಿನ ಹಾಗೆಯೇ ಬಿಟ್ಟರು. ಐದನೆಯ ದಿನ ಉದ್ದನೆಯ ಪಾನ ಹಾಕಿ ಕೈಯಿಂದ ತಿರುಗಿಸಿದಾಗ ಎಂಜಿನ್ನು ಒಂದಿಂಚು ಅಲುಗಿತು. “ಜೀವ ಇದೆ” ಎಂದರು. ಅನಂತರ ಎಂಜಿನ್ನು ಕೆಳಗಿಳಿಯಿತು. ಲೈನರು, ಪಿಸ್ಟನ್ನು, ಬೇರಿಂಗುಗಳನ್ನು ಬದಲಿಸಬೇಕಾಯಿತು. ಶಿವಮೊಗ್ಗದಲ್ಲಿ ದೊರೆಯದ ಕೆಲವು ಭಾಗಗಳಿಗಾಗಿ ನಾವು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಎರಡು ಬಾರಿ ಅಲೆದೆವು. ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು, ಅಂಗಡಿಯಿಂದ ಅಂಗಡಿಗೆ ತೋರಿಸುತ್ತ ಹೋಗುವುದೇ ಅಲ್ಲಿನ ಕ್ರಮ. ಹೆಸರು ಹೇಳಿದರೆ ತಪ್ಪು ವಸ್ತು ಬರುತ್ತದೆ. ಮಾದರಿ ತೋರಿಸಿದರೆ ಬರುವುದಿಲ್ಲ.

ಈ ನಡುವೆ ಅಣ್ಣನ ಮಗನು ಒಂದು ಪಟ್ಟಿಯನ್ನು ತಂದನು. ಅಗಲವಾದ ಗಾಲಿಗಳು, ನೆತ್ತಿಯ ಮೇಲೊಂದು ಸಾಲು ದೀಪಗಳು, ಬೇರೆ ಜಾತಿಯ ದೊಡ್ಡ ಎಂಜಿನ್ನು. “ಈಗ ಎಲ್ರೂ ಹಿಂಗೇ ಮಾಡಿಸೋದು ಚಿಕ್ಕಪ್ಪ” ಎಂದನು. ಉಸ್ತಾದರು ನಕ್ಕು, “ಅದನ್ನ ಮಾಡೋಕೆ ಬೇರೆಯವರಿದ್ದಾರೆ” ಎಂದರು. ನಾವು ವಿಚಾರಿಸಿ ತಿಳಿದುಕೊಂಡೆವು. ವಾಹನವನ್ನು ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಎಂಜಿನ್ನು ಬದಲಿಸುವುದಾದರೂ ಸಾರಿಗೆ ಕಚೇರಿಯ ಅನುಮತಿ ಪಡೆದು ನೋಂದಣಿ ಪುಸ್ತಕದಲ್ಲಿ ನಮೂದಿಸಬೇಕು. ಹಾಗಲ್ಲದೆ ಮಾಡಿಸಿದ ವಾಹನವು ಅರ್ಹತೆಯ ಪರೀಕ್ಷೆಯಲ್ಲಿ ನಿಲ್ಲದು. ಅಪಘಾತವಾದರೆ ವಿಮೆಯ ತಕರಾರೂ ಹುಟ್ಟೀತು. ಹುಡುಗನ ಪಟ್ಟಿಯಲ್ಲಿ ಹೊಸ ಬ್ಯಾಟರಿಯೊಂದು ಮಾತ್ರ ಉಳಿಯಿತು.

ಇನ್ನು ನಮ್ಮ ಲಜ್ಜೆಯ ಪ್ರಸಂಗವನ್ನು ಹೇಳಬೇಕು.

ಜೀಪಿನ ತೊಟ್ಟಿ, ಎಂದರೆ ಜನ ಕುಳಿತುಕೊಳ್ಳುವ ತಗಡಿನ ಒಡಲು, ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಉಸ್ತಾದರು ನಮ್ಮನ್ನು ಟಿಂಕರಿಂಗ್ ಕೆಲಸದ ಒಬ್ಬರ ಬಳಿಗೆ ಕರೆದೊಯ್ದರು. ಅವರು ಕೃಶವಾದ ದೇಹದ, ಮಿತಭಾಷಿ. ನೆಲದ ಮ್ಯಾಟನ್ನು ಎತ್ತಿ, ಸುತ್ತಿಗೆಯ ತುದಿಯಿಂದ ಅಲ್ಲಲ್ಲಿ ತಟ್ಟಿ, ಶಬ್ದವನ್ನು ಆಲಿಸಿ, “ನೆಲ ಪೂರ್ತಿ ಹೋಗಿದೆ. ಕೆಳಗಿನ ಅಡ್ಡಪಟ್ಟಿಗಳೂ ಹೋಗಿವೆ. ತೊಟ್ಟಿ ಎತ್ತಿ, ಕೊಯ್ದು, ಹೊಸ ತಗಡು ಹಾಕಬೇಕು. ಮೂವತ್ತೆಂಟು ಸಾವಿರ ಆಗುತ್ತೆ” ಎಂದರು. ಅಷ್ಟು ಹೊತ್ತಿಗೆ ಎಂಜಿನ್ನಿನ ಖರ್ಚು ನಾವೆಣಿಸಿದ್ದನ್ನು ಮೀರಿತ್ತು. ನಾವು ಚೌಕಾಶಿಗಿಳಿದೆವು. ತಗಡಿನ ಬೆಲೆಯನ್ನು ಕೇಳಿ ತಿಳಿದುಕೊಂಡು ಬಂದು, “ಸಾಮಾನಿಗೆ ಇಷ್ಟೇ ಆಗುವಾಗ ಕೂಲಿಗೆ ಇಷ್ಟೊಂದೇ?” ಎಂದು ವಾದಿಸಿದೆವು. ತೂತಿದ್ದಲ್ಲಿ ತೇಪೆ ಹಾಕಿದರೆ ಸಾಕೆಂದೆವು. ಬೇರೊಬ್ಬರನ್ನು ಹುಡುಕುವೆವೆಂದೂ ಅಂದೆವು. ಅವರ ಕೈಯಲ್ಲಿ ಆ ತಿಂಗಳು ಕೆಲಸವಿರಲಿಲ್ಲವೆಂಬುದು ನಮಗೆ ಗೊತ್ತಿತ್ತು. ಕೊನೆಗೆ ಇಪ್ಪತ್ತೆರಡು ಸಾವಿರಕ್ಕೆ ಒಪ್ಪಿದರು. ಮನೆಗೆ ಬಂದು, ಹದಿನಾರು ಸಾವಿರ ಉಳಿಸಿದೆವೆಂದು ಮಡದಿಯ ಮುಂದೆ ಹೇಳಿಕೊಂಡೆವು. ಅನೇಕ ವರ್ಷಗಳ ಕಾಲ ವೇದಿಕೆಗಳ ಮೇಲೆ ಕಾಯಕದ ಘನತೆಯನ್ನು ಕುರಿತು ಉಪನ್ಯಾಸ ಮಾಡಿದವರು ನಾವು.

ಅಕ್ಟೋಬರ್ ಕೊನೆಯಲ್ಲಿ ಜೀಪು ಸಿದ್ಧವಾಯಿತು. ಹಸಿರು ಬಣ್ಣ, ಹೊಸ ಹುಡ್ಡು, ಐದು ಹೊಸ ಟಯರುಗಳು. ಕೀಲಿ ತಿರುಗಿಸಿದೊಡನೆ ಎದ್ದ ಎಂಜಿನ್ನಿನ ಸದ್ದಿಗೆ ಉಸ್ತಾದರ ಹುಡುಗರು ಕೇಕೆ ಹಾಕಿದರು. ನಾವು ಅಣ್ಣನ ಮಗನೊಡನೆ ಅದರಲ್ಲಿಯೇ ಊರಿಗೆ ಹೊರಟೆವು. ರಿಪ್ಪನ್‌ಪೇಟೆಯಲ್ಲಿ ಚಹಾ ಕುಡಿಯಲು ನಿಂತಾಗ ಜನ ಸುತ್ತ ನೆರೆದರು. ಹೊಸನಗರ ದಾಟಿದ ಮೇಲೆ ಕಾಡಿನ ನೆರಳು, ತಣ್ಣನೆಯ ಗಾಳಿ. ಮಣ್ಣಿನ ಹಾದಿಗೆ ಇಳಿದು, ಹುಡುಗನು ಗಿಡ್ಡ ಕೋಲುಗಳೆರಡನ್ನೂ ತಳ್ಳಿ, ಏರನ್ನು ನಿಧಾನವಾಗಿ ಹತ್ತಿಸಿದನು. ಅಂಗಳದಲ್ಲಿ ಅತ್ತಿಗೆಯವರು ಜೀಪಿನ ಮೂತಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಮರುದಿನವೇ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಹೊರಟೆವು.

ಮೊದಲ ಹಳ್ಳದ ಕಲ್ಲುಗಳ ಮೇಲೆ ಗಾಲಿ ಹಾರಿ ಬಿದ್ದಾಗ ಹಿಂದಿನಿಂದ ತಗಡು ಹರಿದ ಸದ್ದು ಕೇಳಿತು. ತಿರುಗಿ ನೋಡಿದರೆ ಸೀಟಿನ ಬೋಲ್ಟುಗಳು ನೆಲವನ್ನು ಕಿತ್ತುಕೊಂಡು ಬಂದು, ಸೀಟು ಒಂದು ಮಗ್ಗುಲಿಗೆ ವಾಲಿತ್ತು. ಅತ್ತಿಗೆಯವರು ಹಿಂಬದಿಯ ಬಾಗಿಲಿನ ಕಡೆಗೆ ಬಿದ್ದಿದ್ದರು. ಬಾಗಿಲಿನ ಕೊಂಡಿ ಕಳಚಿದ್ದರೆ ಅವರು ಹಳ್ಳದ ಕಲ್ಲಿನ ಮೇಲಿರುತ್ತಿದ್ದರು. ಮಣಿಕಟ್ಟು ಊದಿಕೊಂಡಿತು, ಮೂಳೆ ಮುರಿದಿರಲಿಲ್ಲ. ಅವರು ಒಂದು ಮಾತನ್ನೂ ಆಡಲಿಲ್ಲ. ಆ ದಿನ ವೈದ್ಯರಲ್ಲಿಗೆ ನಾವು ಅವರನ್ನು ಕೈಹಿಡಿದು ನಡೆಸಿಕೊಂಡೇ ಹೋದೆವು.

ವಾರದ ಮೇಲೆ ಜೀಪನ್ನು ಮೆಲ್ಲನೆ ಓಡಿಸಿಕೊಂಡು ಶಿವಮೊಗ್ಗಕ್ಕೆ ತಂದೆವು. ದಾರಿಯುದ್ದಕ್ಕೂ ಕೋಪದ ಮಾತುಗಳನ್ನು ಜೋಡಿಸಿಕೊಂಡಿದ್ದೆವು. ಟಿಂಕರಿಂಗಿನವರು ನಮ್ಮ ಮಾತನ್ನೆಲ್ಲ ಕೇಳಿ, ಸೀಟನ್ನು ಎತ್ತಿ ಪಕ್ಕಕ್ಕಿಟ್ಟು, ನೆಲವನ್ನು ನೋಡಿದರು. ಹೊಸ ಬಣ್ಣದ ಕೆಳಗೆ ಬಿಳಿಯ ಪಟ್ಟಿ, ಅದರ ಕೆಳಗೆ ಅಂಗೈಯಗಲದ ತೇಪೆ, ತೇಪೆಯ ಸುತ್ತ ಹಪ್ಪಳದಂತಹ ಹಳೆಯ ತಗಡು. “ಗುರುಗಳೇ, ಪೂರ್ತಿ ಬದಲಿಸಬೇಕು ಅಂತ ನಾನು ಆವತ್ತೇ ಹೇಳಿದ್ದೆ. ನೀವು ಕೊಟ್ಟ ದುಡ್ಡಿಗೆ ಆಗೋದು ಇಷ್ಟೇ. ಆದ್ರೆ ಸೀಟಿನ ಬೋಲ್ಟು ಹಳೇ ತಗಡಿಗೇ ಹಾಕಿದ್ದು ನನ್ನ ತಪ್ಪು. ಇಲ್ಲಿ ಜನ ಕೂರಿಸಬೇಡಿ ಅಂತಾದ್ರೂ ಹೇಳಬೇಕಿತ್ತು. ಅಮ್ಮನವರಿಗೆ ಹೆಚ್ಚು ಏಟಾಯ್ತಾ?” ಎಂದರು.

ನಾವು ಜೋಡಿಸಿಕೊಂಡು ಬಂದ ಮಾತುಗಳು ಗಂಟಲಲ್ಲಿಯೇ ಉಳಿದವು. ಅವರು ತಮ್ಮ ತಪ್ಪನ್ನು ಒಂದು ಉಸಿರಿನಲ್ಲಿ ಒಪ್ಪಿಕೊಂಡಿದ್ದರು. ನಾವು ನಮ್ಮದನ್ನು ಒಪ್ಪಿಕೊಳ್ಳಲು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. “ಈಗ ಎಷ್ಟಾದೀತು, ನೀವೇ ಹೇಳಿ. ನಾವು ಕಡಿಮೆ ಮಾಡಿರೆಂದು ಕೇಳುವುದಿಲ್ಲ” ಎಂದೆವು. ಹಾಕಿದ ಬಣ್ಣ ಕೆಡುವುದರಿಂದ ಅದನ್ನೂ ಸೇರಿಸಿ ನಲವತ್ತಮೂರು ಸಾವಿರವೆಂದರು. ಅದರಲ್ಲಿಯೂ ಸೀಟಿನ ಕಂಬಿಗಳ ಕೂಲಿಯನ್ನು ತಾವೇ ಬಿಟ್ಟಿದ್ದರೆಂಬುದು ನಮಗೆ ಆಮೇಲೆ ಉಸ್ತಾದರಿಂದ ತಿಳಿಯಿತು.

ಈ ಬಾರಿ ಕೆಲಸ ನಡೆದ ರೀತಿಯನ್ನು ನಾವು ಪ್ರತಿದಿನವೂ ಹೋಗಿ ಕಂಡೆವು. ತೊಟ್ಟಿಯನ್ನು ಚಾಸಿಗೆ ಹಿಡಿದಿದ್ದ ಬೋಲ್ಟುಗಳನ್ನು ಬಿಚ್ಚಿ, ಎಂಟು ಮಂದಿ ಕೈಕೊಟ್ಟು ಎತ್ತಿ ಮರದ ದಿಮ್ಮಿಗಳ ಮೇಲೆ ಮಗುಚಿದರು. ಅಡಿಯಿಂದ ನೋಡಿದಾಗಲೇ ನಮಗೆ ನಿಜಸ್ಥಿತಿ ಅರ್ಥವಾದದ್ದು. ನೆಲದ ತಗಡನ್ನು ಹೊರುವ ಅಡ್ಡಪಟ್ಟಿಗಳು ತಲೆಕೆಳಗಾದ ತೊಟ್ಟಿಲಿನಂತೆ ಟೊಳ್ಳಾಗಿರುತ್ತವೆ. ಮಳೆಯ ನೀರು, ಕೆಸರು ಅದರೊಳಗೆ ಸೇರಿ ಹೊರಹೋಗಲು ದಾರಿಯಿಲ್ಲದೆ ಒಳಗಿನಿಂದಲೇ ತಿನ್ನುತ್ತವೆ. ಮೇಲೆ ಎಷ್ಟು ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ಅವರು ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೂ ಕೊಯ್ದು ತೆಗೆದರು. ಹದಿನಾರು ಗೇಜಿನ ತಗಡನ್ನು ಹಳೆಯದರ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರು. ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆಂದು, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆಯಂತೆ ಗ್ಯಾಸಿನಿಂದ ಬೆಸೆದು, ಆರಲು ಬಿಟ್ಟು, ಆಮೇಲೆ ನಡುವಿನ ಎಡೆಯನ್ನು ತುಂಬಿದರು. ಸೀಟು ಕೂರುವಲ್ಲಿ ತಗಡಿನ ಕೆಳಗೆ ದಪ್ಪ ಪಟ್ಟಿಯನ್ನಿಟ್ಟು, ಬೋಲ್ಟು ಅದನ್ನೂ ಹಾದುಹೋಗುವಂತೆ ಮಾಡಿದರು. ನೀರು ಇಳಿಯಲು ರಂಧ್ರ ಕೊರೆದರು. ರೆಡ್ ಆಕ್ಸೈಡನ್ನು ಎರಡು ಸಲ ಬಳಿದರು. ಹದಿನೆಂಟು ದಿನಗಳ ಕೆಲಸ.

ಆ ದಿನಗಳಲ್ಲಿ ಅವರ ವೃತ್ತಾಂತವೂ ಸ್ವಲ್ಪ ತಿಳಿಯಿತು. ಹನ್ನೊಂದನೆಯ ವಯಸ್ಸಿಗೆ ಸುತ್ತಿಗೆ ಹಿಡಿದವರು. ಮೊದಲ ನಾಲ್ಕು ವರ್ಷ ಊಟ, ಚಹಾ ಬಿಟ್ಟರೆ ಸಂಬಳವಿಲ್ಲ. ಬೆಸುಗೆಯ ಬೆಳಕಿನಿಂದ ಒಂದು ಕಣ್ಣು ಮಂದವಾಗಿದೆ. ಮಗನು ಮೊಬೈಲು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. “ಈ ಕೆಲಸಕ್ಕೆ ಬಾ ಅಂತ ಯಾವ ಬಾಯಲ್ಲಿ ಕರೀಲಿ?” ಎಂದರು. ಆ ಸಾಲಿನಲ್ಲಿ ಮೊದಲು ತಗಡಿನ ಕೆಲಸದವರು ಅನೇಕರಿದ್ದರಂತೆ. ಈಗಿನ ಕಾರುಗಳ ಬಾಗಿಲು ಜಜ್ಜಿದರೆ ಬಾಗಿಲನ್ನೇ ಬದಲಿಸುತ್ತಾರೆ. ಜಜ್ಜಿದ್ದನ್ನು ಸಮಗೊಳಿಸುವ, ಕೊಳೆತದ್ದನ್ನು ಕೊಯ್ದು ಹೊಸದನ್ನು ಕೂರಿಸುವ ಕೈಗಳಿಗೆ ಕೆಲಸ ಕಡಿಮೆ. ಇದ್ದ ಕೆಲಸಕ್ಕೂ ನಮ್ಮಂಥವರ ಚೌಕಾಶಿ. ನಾವು ಸ್ಥಳೀಯವಾಗಿ ಕೂಲಿ ಅಗ್ಗವೆಂದು ಹಿಗ್ಗಿದ್ದೆವಷ್ಟೆ. ಆ ಅಗ್ಗವೇ ಇನ್ನು ಹತ್ತು ವರ್ಷಗಳಲ್ಲಿ ಈ ಕೆಲಸ ಬಲ್ಲವರಿಲ್ಲದಂತೆ ಮಾಡೀತೆಂಬ ವಿಚಾರ ನಮಗೆ ಹೊಳೆದೇ ಇರಲಿಲ್ಲ.

ಇಂತಹ ಕೆಲಸಕ್ಕೆ ಕೈಹಾಕುವ ಮನೆಗಳವರಿಗೆ ಉಪಯೋಗವಾದೀತೆಂದು ನಮ್ಮ ಖರ್ಚಿನ ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಎಂಜಿನ್ನಿಗೆ 78,000, ಗೇರು ಮತ್ತು ನಾಲ್ಕುಗಾಲಿ ಎಳೆತದ ಪೆಟ್ಟಿಗೆಗಳಿಗೆ 21,000, ಕಮಾನು ಪಟ್ಟಿಗಳಿಗೆ 9,000, ಬ್ಯಾಟರಿಯೂ ಸೇರಿ ವೈರಿಂಗಿಗೆ 8,500, ಟಯರುಗಳಿಗೆ 27,500, ಬಣ್ಣಕ್ಕೆ 24,000, ಹುಡ್ಡು, ಕುಶನ್ನಿಗೆ 18,000, ಮೊದಲ ಟಿಂಕರಿಂಗಿಗೆ 22,000, ಎರಡನೆಯದಕ್ಕೆ 43,000. ಒಟ್ಟು 2,51,000 ರೂಪಾಯಿ. ಮೊದಲೇ ಕೇಳಿದ ಕೂಲಿಯನ್ನು ಕೊಟ್ಟಿದ್ದರೆ 2,24,000ಕ್ಕೆ ಮುಗಿಯುತ್ತಿತ್ತು. ಹದಿನಾರು ಸಾವಿರ ಉಳಿಸಹೋಗಿ ಇಪ್ಪತ್ತೇಳು ಸಾವಿರ ಹೆಚ್ಚು ತೆತ್ತೆವು. ಅತ್ತಿಗೆಯವರ ಮಣಿಕಟ್ಟಿನ ನೋವು ಈ ಲೆಕ್ಕದಲ್ಲಿ ಸೇರಿಲ್ಲ.

ಮೂರು ಮಾತುಗಳನ್ನು ಅನುಭವದಿಂದ ಹೇಳಬಹುದು. ಮೊದಲನೆಯದಾಗಿ, ಹಳೆಯ ಜೀಪನ್ನು ಕೊಳ್ಳುವವರಾಗಲಿ ದುರಸ್ತಿ ಮಾಡಿಸುವವರಾಗಲಿ ಎಂಜಿನ್ನಿಗಿಂತ ಮೊದಲು ಚಾಸಿಯನ್ನೂ ತೊಟ್ಟಿಯ ಅಡಿಯನ್ನೂ ನೋಡಬೇಕು. ಎಂಜಿನ್ನಿನ ಭಾಗಗಳು ಅಂಗಡಿಯಲ್ಲಿ ಸಿಗುತ್ತವೆ, ಒಡಲನ್ನು ಕೈಯಿಂದಲೇ ಕಟ್ಟಬೇಕು. ಎರಡನೆಯದಾಗಿ, ಕಾಗದಪತ್ರಗಳು. ಹದಿನೈದು ವರ್ಷ ತುಂಬಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕವು 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರಲ್ಲಿ ಮತ್ತೂ ಏರಿತು. ಅವಧಿ ಮೀರಿದರೆ ತಿಂಗಳಿಗಿಷ್ಟೆಂದು ದಂಡ ಬೇರೆ. ನಮ್ಮ ಜೀಪಿನ ಅವಧಿಯು ಗ್ಯಾರೇಜಿನಲ್ಲಿದ್ದಾಗಲೇ ಮುಗಿದು ದಂಡ ಕಟ್ಟಬೇಕಾಯಿತು. ಮೂರನೆಯದಾಗಿ, ಒಂದೊಂದು ಕೆಲಸಕ್ಕೂ ಏನೇನು ಮಾಡುವರೆಂಬುದನ್ನು ಮೊದಲೇ ಬರೆಯಿಸಿಕೊಳ್ಳಬೇಕು. ಕೆಲಸವನ್ನು ಕಡಿಮೆ ಮಾಡಿಸಬೇಕಾದರೆ, ಯಾವುದು ಬಿಟ್ಟುಹೋಗುತ್ತದೆ ಎಂದು ಕೇಳಿ ತಿಳಿಯಬೇಕು. ಕೂಲಿಯನ್ನು ಕಡಿಮೆ ಮಾಡಿ ಕೆಲಸವನ್ನು ಅಷ್ಟೇ ಬೇಡುವುದು ನಾವು ಮಾಡಿದ ತಪ್ಪು.

2024ರ ಜುಲೈ ತಿಂಗಳಲ್ಲಿ ನಾವು ಊರಿನಲ್ಲಿದ್ದೆವು. ಮಳೆ ಎಡೆಬಿಡದೆ ಸುರಿಯುತ್ತಿತ್ತು. ಅತ್ತಿಗೆಯವರನ್ನು ತಿಂಗಳ ತಪಾಸಣೆಗೆ ಕರೆದೊಯ್ಯಬೇಕಿತ್ತು. ಅಣ್ಣನ ಮಗನು ಹಳ್ಳದ ನೀರಿಗೆ ಕೋಲು ಊರಿ ಆಳ ನೋಡಿ ಬಂದು, ಮೊಣಕಾಲಿನಷ್ಟಿದೆ, ಹೋಗಬಹುದು ಎಂದನು. ಅತ್ತಿಗೆಯವರು ಹಿಂದಿನ ಸೀಟಿನ ಬಳಿ ಒಂದು ಕ್ಷಣ ನಿಂತು, ಕೈಯಿಂದ ಕಂಬಿಯನ್ನು ಅಲುಗಿಸಿ ನೋಡಿದರು. ನಾವು ಏನೂ ಹೇಳದೆ ಅವರ ಪಕ್ಕದಲ್ಲಿ ಹೋಗಿ ಕುಳಿತೆವು. ಜೀಪು ಏರಿನಿಂದ ಕೆಳಗಿಳಿದು ನೀರಿಗೆ ಹೊಕ್ಕಿತು. ಕಲ್ಲುಗಳ ಮೇಲೆ ಗಾಲಿ ಏರಿ ಇಳಿಯಿತು, ಸೀಟು ಅಲುಗಲಿಲ್ಲ. ಆಚೆಯ ದಡ ಹತ್ತಿದ ಮೇಲೆ ಅವರು, “ಆ ತಗಡಿನ ಕೆಲಸದೋರಿಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟು ಬನ್ನಿ ತಮ್ಮಯ್ಯ, ನಮ್ಮ ತೋಟದ್ದು” ಎಂದರು.

ಗೊನೆಯನ್ನು ಮುಟ್ಟಿಸಿ ಬಂದೆವು. ಅವರು ಶೆಡ್ಡಿನಲ್ಲಿ ಇನ್ನೊಂದು ಹಳೆಯ ಜೀಪಿನ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ಅದರ ಯಜಮಾನರು ಕೂಲಿಯ ಮಾತಾಡುತ್ತ ನಿಂತಿದ್ದರು. ನಾವು ಆ ಅಪರಿಚಿತರನ್ನು ಚಹಾಕ್ಕೆಂದು ಹೊರಗೆ ಕರೆದು, ನಮ್ಮ ಕಥೆಯನ್ನು ಮೊದಲಿನಿಂದ ಹೇಳಿದೆವು.